ಬೊಂಬಿನ ವಿಮಾನದ ಕಾವಲು

ನುಗ್ಗೆ ಕಡ್ಡಿಯ ತುದಿಯನ್ನು ಎಡಗೈಯಲ್ಲಿ ಹಿಡಿದು ಸೊಪ್ಪನ್ನು ಸರ್ರನೆ ಎಳೆದುಹಾಕುತ್ತಿದ್ದ ಜಲಜಮ್ಮನ ಬಲಗೈ ನಡುವಿನಲ್ಲೇ ನಿಂತಿತು. ಊಟದ ಮೇಜಿನ ಮೇಲಿದ್ದ ಮಗಳ ಲ್ಯಾಪ್‌ಟಾಪಿನಲ್ಲಿ ಜನ ನಗುತ್ತಿದ್ದರು. ಸಣ್ಣ ಸಣ್ಣ ಚೌಕಗಳೊಳಗೆ ಕೂತವರು, ಒಬ್ಬರ ನಗು ನೋಡಿ ಇನ್ನೊಬ್ಬರು, ಹೊಟ್ಟೆ ಹಿಡಿದುಕೊಂಡು.

"ಅದ್ಯಾಕೆ ನವ್ಯಾ, ಹಂಗೆ ನಗ್ತಾವ್ರೆ?"

ನವ್ಯಾಳಿಗೂ ನಗು ತಡೆಯಲಾಗುತ್ತಿರಲಿಲ್ಲ. "ಆ ತಾತ ಇದಾರಲ್ಲ, ಬಿಳಿ ಟೋಪಿ, ಜೋಹೋರ್ ಕಡೆಯವರು, ಹಮ್ದಾನ್ ಅಂತ. ಯುದ್ಧದಲ್ಲಿ ಇಂಗ್ಲಿಷ್‌ನವರು ಬಿಟ್ಟು ಓಡಿಹೋದ್ಮೇಲೆ ಅವರಪ್ಪ, ಚಿಕ್ಕಪ್ಪ ಸೇರ್ಕೊಂಡು ಮಿಲಿಟರಿ ಪ್ಲೇನ್‌ನ ಹೆಗಲ ಮೇಲೆ ಹೊತ್ಕೊಂಡು ಮನೆಗೆ ತಂದ್ರಂತೆ. ತಂದು ಅದರೊಳಗೆ ಬಾತುಕೋಳಿ ಸಾಕಿದ್ರಂತೆ. ಪ್ಲೇನ್‌ನ ಹೊತ್ಕೊಂಡು ಬರೋಕಾಗತ್ತಾ?"

ಆ ನಗು ಜಲಜಮ್ಮನಿಗೆ ಹೊಸದಲ್ಲ. ಅದನ್ನು ಕೇಳಿಕೊಂಡೇ ಬೆಳೆದವಳು ಅವಳು.

ಮಲೇಶಿಯಾದ ಪುಚೊಂಗಿನಲ್ಲಿದ್ದ ಮಗಳ ಮನೆಗೆ ಒಂದು ಬೇಸಿಗೆ ಕಳೆದು ಹೋಗೋಣವೆಂದು ಬಂದವಳನ್ನು ಕರೋನಾ ಎರಡನೆಯ ವರ್ಷಕ್ಕೂ ಹಿಡಿದು ಕೂಡಿಸಿತ್ತು. ಕ್ಲಾಂಗ್ ಬಂದರಿನ ಕಚೇರಿ ಕೆಲಸವನ್ನೆಲ್ಲ ನವ್ಯಾ ಇದೇ ಮೇಜಿನಿಂದ ಮಾಡುತ್ತಿದ್ದಳು. ಇಂದು ಭಾನುವಾರ. ಇತಿಹಾಸದ ಗೀಳಿನವರ ಒಂದು ಬಳಗ ಮಧ್ಯಾಹ್ನ ಜೂಮಿನಲ್ಲಿ ಭಾಷಣ ಇಟ್ಟುಕೊಂಡಿತ್ತು. ಪರಮೇಶ್ವರನ್ ಎಂಬ ನಿವೃತ್ತ ಮೇಷ್ಟರು ಮಹಾಯುದ್ಧದ ಕಾಲದ ಬ್ರಿಟಿಷ್ ವಾಯುಪಡೆಯ ದೂರಪ್ರಾಚ್ಯ ಕಮಾಂಡಿನ ಕಥೆ ಹೇಳಿದ್ದರು. ಸಿಂಗಪುರದಲ್ಲಿ ಕೂತ ಕಮಾಂಡು ಮಲಯದ ಉದ್ದಕ್ಕೂ ವಿಮಾನದ ಬಯಲುಗಳನ್ನು ಮಾಡಿಟ್ಟಿತಂತೆ. ಬಯಲುಗಳಿದ್ದವು, ಇಳಿಸಲು ಸಾಕಷ್ಟು ವಿಮಾನಗಳೇ ಇರಲಿಲ್ಲವಂತೆ. ಕಾವಲಿಗೆ ಮಾತ್ರ ಹಿಂದೂಸ್ತಾನದ ಸಂಸ್ಥಾನಗಳಿಂದ ಪಟಾಲಮುಗಳನ್ನು ತರಿಸಿ ನಿಲ್ಲಿಸಿದರಂತೆ. ನವ್ಯಾ ತುಣುಕು ತುಣುಕಾಗಿ ಕನ್ನಡದಲ್ಲಿ ಹೇಳುತ್ತ ಬಂದದ್ದನ್ನು ಜಲಜಮ್ಮ ಸೊಪ್ಪು ಬಿಡಿಸುತ್ತ ಕೇಳಿದ್ದಳು.

ಆ ಪಟಾಲಮುಗಳಲ್ಲೊಂದು ಮೈಸೂರಿನದು. ಅದರ ಸಿಪಾಯಿ ನಂಜನಗೂಡು ಕಡೆಯ ಮರಿಸ್ವಾಮಿ, ಜಲಜಮ್ಮನ ಅಪ್ಪ.

ಜಪಾನಿನವರ ಸೆರೆಯಲ್ಲಿದ್ದು, ಮೂಳೆ ಚಕ್ಕಳವಾಗಿ ಊರಿಗೆ ಮರಳಿದವನನ್ನು ಜನ ಕೇಳಿದ್ದು ಒಂದೇ, ಯುದ್ಧದಲ್ಲಿ ಏನು ಮಾಡಿದೆ ಎಂದು. ಸುಳ್ಳು ಬಾರದ ಮನುಷ್ಯ. ಬೊಂಬಿನಲ್ಲಿ ಕಟ್ಟಿ, ಬಟ್ಟೆ ಹೊದಿಸಿ, ಬಣ್ಣ ಬಳಿದ ವಿಮಾನಗಳನ್ನು ಕಾಯುತ್ತಿದ್ದೆ, ಮೇಲಿಂದ ಶತ್ರು ನೋಡಿ ಮೋಸಹೋಗಲೆಂದು ಸಂಜೆಗೊಮ್ಮೆ ಅವನ್ನು ಎತ್ತಿ ಬೇರೆ ಕಡೆ ಇಡುತ್ತಿದ್ದೆವು ಎಂದುಬಿಟ್ಟ. ಊರು ಬಿದ್ದು ಬಿದ್ದು ನಕ್ಕಿತು. ಯಾರಾದರೂ ಬುರುಡೆ ಬಿಟ್ಟರೆ "ಮರಿಸ್ವಾಮಿ ವಿಮಾನ ಹಾರ್ತು ಕಣ್ರಪ್ಪೋ" ಎನ್ನುವುದು ರೂಢಿಯಾಯಿತು. ಮದುವೆ ಮನೆಗೆ ಹೋದರೆ "ಬೊಂಬಿನ ಪೈಲಟ್ಟು ಬಂದ್ರು, ಎಲೆ ಹಾಕ್ರೋ" ಎನ್ನುವರು. ಅಪ್ಪ ಬರಬರುತ್ತ ಆ ಮಾತೆತ್ತುವುದನ್ನೇ ಬಿಟ್ಟ. ಮಗಳೊಬ್ಬಳ ಹತ್ತಿರ ಮಾತ್ರ ಎಂದಾದರೊಮ್ಮೆ ಹೇಳುತ್ತಿದ್ದ. ಅದರಲ್ಲಿ ಒಂದು ಸಂಗತಿಯನ್ನಂತೂ ಅವಳು ಇವತ್ತಿನವರೆಗೆ ಯಾರೊಂದಿಗೂ ಆಡಿರಲಿಲ್ಲ. ಆಡಿದರೆ ಇನ್ನಷ್ಟು ನಗುತ್ತಿದ್ದರು.

ಮೈಸೂರಿನ ಹಳೆ ಸಿಪಾಯಿಗಳ ಸಂಘದವರು ಪುಸ್ತಕ ತರುತ್ತೇವೆ, ನಿಮ್ಮ ತಂದೆಯ ವಿಷಯ ಬರೆದು ಕಳಿಸಿ ಎಂದು ಕೇಳಿದಾಗ ಜಲಜಮ್ಮ ಬೊಂಬಿನ ವಿಮಾನವನ್ನೂ ಸೇರಿಸಿ ಕಾಗದ ಬರೆದಳು. ತಮ್ಮ ಲೋಕೇಶ ತಡೆದ. ಕಾಗದ ಪೆಟ್ಟಿಗೆಯಲ್ಲಿ ಬಟ್ಟೆಯಡಿ ಸೇರಿ ಅವಳೊಂದಿಗೇ ಮಲೇಶಿಯಾಕ್ಕೆ ಬಂತು. ಕರೋನಾದಿಂದ ಪುಸ್ತಕವೂ ತಡವಾಗಿತ್ತು. ಈಗ ಅಚ್ಚಿಗೆ ಹೋಗುತ್ತಿದೆಯಂತೆ.

ಆ ಬೆಳಿಗ್ಗೆಯೇ ಲೋಕೇಶ ಫೋನು ಮಾಡಿದ್ದ. "ಅಕ್ಕಯ್ಯ, ನಾನೊಂದು ಬರ್ದಿವ್ನಿ. ಸಿಂಗಪುರದಲ್ಲಿ ಬಂದೂಕ ಹಿಡ್ದು ಕಾದಾಡುದ್ರು ಅಂತ. ನೀ ಹೂಂ ಅಂದ್ಬುಡು, ನಾಳೆ ಕೊಟ್ಬುಡ್ತೀನಿ. ಸತ್ತ ಮ್ಯಾಲೂ ಅಪ್ಪನ್ನ ನಗಪಾಟ್ಲು ಮಾಡ್ಬೇಕಾ?"

ಸಂಜೆ ಹೇಳುತ್ತೇನೆ ಎಂದಿದ್ದಳು. ಹೂಂ ಎನ್ನುವುದೆಂದು ಮನಸ್ಸಿನಲ್ಲಿ ಆಗಲೇ ಸೋತಿದ್ದಳು.

ಈಗ ಸೊಪ್ಪಿನ ತಟ್ಟೆಯನ್ನು ಅತ್ತ ತಳ್ಳಿ, ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಎದುರಿಗೇ ಬಂದು ಕೂತಳು.

"ಆ ಯಜಮಾನ್ರನ್ನ ಒಂದು ಮಾತು ಕೇಳ್ಬೇಕು. ಕೇಳು."

"ಅಮ್ಮ, ಎಲ್ಲರೂ ಇದಾರೆ."

"ಇರ್ಲಿ ಬಿಡು. ವಿಮಾನನ ಎತ್ತಿ ಬೇರೆ ಕಡೆ ಇಟ್ಟ ಮ್ಯಾಲೆ ಕಾವಲಿನ ಸಿಪಾಯಿಗಳು ಇನ್ನೇನಾರ ಮಾಡೋರಾ ಅಂತ ಕೇಳು. ಅಷ್ಟೇ. ನಿಂದೇನೂ ಸೇರಿಸ್ಬೇಡ."

ನವ್ಯಾ ಅಮ್ಮನ ಮುಖ ನೋಡಿದಳು. ಆಮೇಲೆ ಮೈಕು ತೆರೆದು ಮಲಯ ಭಾಷೆಯಲ್ಲಿ ಕೇಳಿದಳು.

ಹಮ್ದಾನ್ ಕಿವಿಗೆ ಕೈ ಹಿಡಿದರು. ಪಕ್ಕದಲ್ಲಿದ್ದವರು ಯಾರೋ ಜೋರಾಗಿ ಮತ್ತೆ ಹೇಳಿದರು. ಜನ ನಕ್ಕಾಗಿನಿಂದ ಬಾಡಿದ್ದ ಮುದುಕರ ಮುಖ ನಿಧಾನಕ್ಕೆ ಅರಳಿತು. ಅವರು ಕೈಯನ್ನು ಮುಂದೆ ಚಾಚಿ, ಏನನ್ನೋ ನೂಕುವವರ ಹಾಗೆ ಮಾಡಿ ತೋರಿಸುತ್ತ ಮಾತಾಡಿದರು. ಜಲಜಮ್ಮನಿಗೆ ಮಾತು ತಿಳಿಯಲಿಲ್ಲ. ಕೈ ತಿಳಿಯಿತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಅವರು ಏನ್ ಹೇಳ್ತಿದಾರೆ ಅಂದ್ರೆ," ನವ್ಯಾಳ ದನಿಯಲ್ಲಿ ನಗು ಉಳಿದಿರಲಿಲ್ಲ, "ಆ ಪ್ಲೇನ್‌ಗಳಿಗೆ ಚಕ್ರ ಇರ್ಲಿಲ್ವಂತೆ, ಬರೀ ಮರದ ಕಾಲು. ಅದಕ್ಕೆ ಒಬ್ಬ ಸಿಪಾಯಿ ಊರೊಳಗಿಂದ ಎತ್ತಿನ ಗಾಡಿ ಚಕ್ರ ತಂದು, ಹುಲ್ಲಿನ ಮೇಲೆ ಉರುಳಿಸ್ಕೊಂಡು ಓಡ್ತಿದ್ನಂತೆ. ನಿಜವಾದ ಪ್ಲೇನ್ ಓಡಿದ್ರೆ ಗೆರೆ ಬೀಳತ್ತಲ್ಲ, ಹಂಗೆ ಬೀಳ್ಲಿ ಅಂತ. ಊರಿನ ಮಕ್ಕಳೆಲ್ಲ ಹಿಂದೆ ಹಿಂದೆ ಓಡೋರಂತೆ. ಇವರೂ ಓಡಿದಾರಂತೆ."

ಜಲಜಮ್ಮ ಎದ್ದು ನಿಂತಳು. ಕೈ ತಗುಲಿ ತಟ್ಟೆಯ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು.

"ಆ ಚಕ್ರ ಉರುಳಿಸ್ತಿದ್ದವ್ರಲ್ಲಿ ಒಬ್ಬ ನಮ್ಮಪ್ಪ ಅನ್ನು. ಅನ್ನೇ, ಯಾಕ್ ಸುಮ್ನೆ ನೋಡ್ತೀಯ? ಇದನ್ನ ಅಪ್ಪ ನನಗೊಬ್ಬಳಿಗೇ ಹೇಳಿದ್ದು. ಯುದ್ಧಕ್ಕೋಗಿ ಗಾಡಿ ಚಕ್ರ ಆಡಿಸ್ಕೊಂಡು ಬಂದ ಅಂತಾರೆ, ಯಾರಿಗೂ ಹೇಳ್ಬೇಡ ಮಗ ಅಂದಿದ್ರು. ನಾನು ಕಾಗದದಲ್ಲೂ ಬರ್ದಿಲ್ಲ."

ಮೈಕು ತೆರೆದೇ ಇತ್ತು. ಅವಳ ಕನ್ನಡವೆಲ್ಲ ಆ ಚೌಕಗಳೊಳಗೆ ಹೋಗಿತ್ತು. ಪರಮೇಶ್ವರನ್ ಮೇಷ್ಟರು ಕನ್ನಡಕ ಏರಿಸಿಕೊಂಡು ತೆರೆಗೆ ಮುಖ ಹತ್ತಿರ ತಂದರು. "ಅಮ್ಮಾ, ಕೊಂಜಂ ಮೆದುವಾ ಸೊಲ್ಲುಂಗೊ," ಎಂದರು ತಮಿಳಿನಲ್ಲಿ, ನಿಧಾನವಾಗಿ ಹೇಳಿ ಎಂದು. ಅವಳು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದಳು. ಉಳಿದದ್ದನ್ನು ನವ್ಯಾ ಹೇಳಿದಳು. ಬೊಂಬಿನ ವಿಮಾನದ ಮಾತನ್ನು ನಾನು ಒಂದೆರಡು ಕಡೆ ಓದಿದ್ದುಂಟು, ನಂಬಲೋ ಬೇಡವೋ ಎಂದು ಬಿಟ್ಟಿದ್ದೆ, ಚಕ್ರದ ಸಂಗತಿ ಮಾತ್ರ ಇವತ್ತೇ ಕೇಳಿದ್ದು ಎಂದು ಮೇಷ್ಟರು ಮಗುವಿನಂತೆ ಸಂಭ್ರಮಪಟ್ಟರು. ಈಗ ಯಾರೂ ನಗುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳುತ್ತಿದ್ದರು.

ಗದ್ದಲದ ನಡುವೆ ಹಮ್ದಾನ್ ಕೈ ಎತ್ತಿದರು.

"ಆ ಸಿಪಾಯಿ ಮನೆ ಸೇರಿದ್ನಾ ಅಂತ ಕೇಳ್ತಿದಾರೆ ಅಮ್ಮ."

"ಸೇರಿದ್ರು ಅನ್ನು. ಸೇರಿದ ಮ್ಯಾಲೇ ಅಲ್ವಾ ನಾನು ಹುಟ್ಟಿದ್ದು."

ಅದನ್ನು ಕೇಳಿದ ಮುದುಕರು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡರು.

ಸಂಜೆಯವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿತ್ತು? ಚೆಲ್ಲಿದ ಸೊಪ್ಪನ್ನು ಹಾಗೇ ಬಿಟ್ಟು ಲೋಕೇಶನಿಗೆ ಫೋನು ಹಚ್ಚಿದಳು. ಬಯಲು, ಮುದುಕರು, ಮೇಷ್ಟರು, ಚಕ್ರ, ಎಲ್ಲವನ್ನೂ ಹಿಂದುಮುಂದಾಗಿ ಸುರಿದಳು.

"ಲೋಕಿ, ಇದ್ದೀಯೇನೋ?"

"ಇವ್ನಿ ಅಕ್ಕಯ್ಯ. ಸಣ್ಣವನಿದ್ದಾಗ ನಾನೂವೆ ಅಪ್ಪನ ಎದ್ರುಗೇ ಹಂಗೆ ಅಂದಿವ್ನಿ. ಬೊಂಬಿನ ಪೈಲಟ್ಟು ಅಂತ. ಹುಡುಗ್ರ ಜತೇಲಿ."

"ಗೊತ್ತು ಕಣೋ."

ಆಮೇಲೆ ಅವನೇ ಕೇಳಿದ. "ಬಾತುಕೋಳಿ ಸಾಕಿದ್ರಾ ಅದ್ರೊಳಗೆ?"

"ಹೂಂ. ಮೊಟ್ಟೆನೂ ಇಕ್ತಿದ್ವಂತೆ."

ಲೋಕೇಶ ನಕ್ಕ. ಬಹಳ ದಿನಗಳಿಂದ ಅವಳು ಕೇಳಿರದ ನಗು ಅದು. "ಹಂಗಾರೆ ನಿನ್ನ ಕಾಗದಾನೇ ಕಳ್ಸು. ಚಕ್ರನೂ ಬರಿ, ಬಾತುಕೋಳಿನೂ ಬರಿ. ನಂದನ್ನ ಹರ್ದಾಕ್ತೀನಿ. ಸಂಘದವ್ರಿಗೆ ಬರ್ತಾ ಅದೆ, ವಸಿ ತಡೀರಿ ಅಂತ ನಾನೇ ಹೋಗಿ ಹೇಳ್ತೀನಿ. ಕೆಳಗೆ ನನ್ನ ಹೆಸ್ರೂ ಹಾಕು."

ಮಾರನೆಯ ದಿನ ತಾಯಿ ಮಗಳು ಇಬ್ಬರೂ ಮಾಸ್ಕು ಕಟ್ಟಿಕೊಂಡು ಅಂಚೆ ಕಚೇರಿಗೆ ಹೋದರು. ಬಾಗಿಲಲ್ಲಿ ಅಂಟಿಸಿದ್ದ ಕರೋನಾ ನೋಂದಣಿಯ ಚೀಟಿಗೆ ನವ್ಯಾ ಫೋನು ಹಿಡಿದು ಸ್ಕ್ಯಾನ್ ಮಾಡಿದಳು. ಕಾವಲಿನವನು ಜಲಜಮ್ಮನ ಮಣಿಕಟ್ಟಿಗೆ ಜ್ವರದ ಯಂತ್ರ ಹಿಡಿದು ತಲೆಯಾಡಿಸಿದ. ಹೊಸದೊಂದು ಹಾಳೆ ಸೇರಿ ಲಕೋಟೆ ಈಗ ದಪ್ಪವಾಗಿತ್ತು. ಪ್ಲಾಸ್ಟಿಕ್ ಪರದೆಯಾಚೆಯ ಹುಡುಗಿ ಅದನ್ನು ತೂಗಿ, ಇಂಡಿಯಾ ತಲುಪಲು ಎಷ್ಟು ದಿನವಾದೀತೋ ಹೇಳಲಾಗದು ಎಂದಳು.

"ಪರವಾಗಿಲ್ಲ ಅನ್ನು," ಎಂದಳು ಜಲಜಮ್ಮ.

ಹುಡುಗಿ ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಬುಟ್ಟಿಗೆ ಹಾಕಿದಳು. ಮುಂದಿನ ನಂಬರು ಕೂಗಿದರೂ ಜಲಜಮ್ಮ ಅಂತರ ಕಾಯಲೆಂದು ನೆಲಕ್ಕೆ ಅಂಟಿಸಿದ್ದ ಹಳದಿ ಪಾದದ ಗುರುತುಗಳ ಮೇಲೆ ತನ್ನ ಪಾದಗಳನ್ನು ಸರಿಯಾಗಿ ಊರಿಕೊಂಡು, ಕಾವಲಿನ ಸಿಪಾಯಿಯಂತೆ ಇನ್ನೂ ನೆಟ್ಟಗೆ ನಿಂತೇ ಇದ್ದಳು.