ತೊಳೆದಿಟ್ಟ ಕಲ್ಲುಗಳು

ನಲವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ದುಡಿದ ಹೆಂಗಸಿನ ಕಣ್ಣಿಗೆ ಕೊಳೆ ಬಿದ್ದರೆ ಏನಾಗುತ್ತದೆ ಎಂದು ಆ ಮನೆಯವರು ಮೊದಲೇ ಯೋಚಿಸಬೇಕಿತ್ತು. ಆಸ್ಪತ್ರೆಯವರು ಬೆನ್ನ ಹಿಂದೆ ಅವರನ್ನು 'ಬ್ಲೀಚ್ ಸಿಸ್ಟರ್' ಎನ್ನುತ್ತಿದ್ದರು. ಎದುರಿಗೆ ಅನ್ನುವ ಎದೆಗಾರಿಕೆ ದೊಡ್ಡ ಡಾಕ್ಟರಿಗೂ ಇರಲಿಲ್ಲ.

ಸಿಸ್ಟರ್ ನಿವೃತ್ತರಾದ ಮೇಲೆ ನಮ್ಮ ಜೊತೆಗೇ ಇರಲಿ ಎಂದು ಮಗಳು, ಅಳಿಯ ಒಂದು ಕೋಣೆ ಹೆಚ್ಚಿರುವ ಮನೆ ಹಿಡಿದರು. ಅಳಿಯ ಲಿಫ್ಟ್ ರಿಪೇರಿಯವನು, ಮಾತಿನಲ್ಲಿ ಬಲು ಜಿಪುಣ. ಅವನ ಅಕ್ಕರೆಯೆಲ್ಲ ಒಂದು ಉಪ್ಪುನೀರಿನ ಗಾಜಿನ ತೊಟ್ಟಿಯ ಮೇಲೆ. ಅದರಲ್ಲಿ ಎರಡು ಪಟ್ಟೆ ಮೀನು, ಮತ್ತೆ ಮದುವೆಯ ವರ್ಷ ಹೆಬ್ಬೆರಳಷ್ಟಿದ್ದು ಈಗ ಬೊಗಸೆ ತುಂಬುವಷ್ಟು ಬೆಳೆದಿದ್ದ ಒಂದು ಮೆದು ಮೈಯ ಹವಳ. ಮನೆ ಬದಲಿಸಿದ ಭಾನುವಾರ ಮೀನು, ಹವಳ, ಹಳೆಯ ನೀರು ಎಲ್ಲವನ್ನೂ ಬಕೆಟ್ಟು ಡ್ರಮ್ಮುಗಳಲ್ಲಿ ಹಸುಗೂಸಿನಂತೆ ತಂದಿಟ್ಟು, ಎರಡನೇ ಲೋಡಿಗೆ ಹೋದ.

ಅಷ್ಟರಲ್ಲಿ ಸಿಸ್ಟರ್ ಕಣ್ಣಿಗೆ ಬಿದ್ದದ್ದು ತೊಟ್ಟಿಯ ಕಲ್ಲುಗಳ ಬಕೆಟ್ಟು. ಮೇಲೆ 'ಜೀವಂತ ಕಲ್ಲು' ಎಂದು ಚೀಟಿ. ಕಲ್ಲಿಗೂ ಜೀವವೇ ಎಂದು ನಕ್ಕರು. ಒಳಗೆ ನೋಡಿದರೆ ಕಂದು ಲೋಳೆ, ಹಸಿರು ಪಾಚಿ, ಹಳಸಿದ ವಾಸನೆ. ಪಾಪ, ದುಡಿಯುವ ಮನುಷ್ಯ, ಪುರಸೊತ್ತೆಲ್ಲಿ ಎಂದು ತೋಳೇರಿಸಿದರು. ಕುದಿಯುವ ನೀರು, ಬ್ಲೀಚು, ಗಟ್ಟಿ ಬ್ರಶ್ಶು. ಒಂದು ಗಂಟೆಯಲ್ಲಿ ಹನ್ನೊಂದು ಕಲ್ಲುಗಳು ತೊಳೆದ ಪಾತ್ರೆಗಳ ಹಾಗೆ ಬೆಳ್ಳಗೆ, ತಾರಸಿಯ ಬಿಸಿಲಲ್ಲಿ ಸಾಲಾಗಿ ಒಣಗುತ್ತಿದ್ದವು.

ಅಳಿಯ ಬಂದು ನೋಡಿದ. "ಚೆನ್ನಾಗ್ ತೊಳ್ದಿದೀರ ಅತ್ತೆ" ಎಂದು ಕಲ್ಲುಗಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೈದಿದ್ದರೆ ಸಿಸ್ಟರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ವಿಷಯ ಬಿಡಿಸಿ ಹೇಳಿದವಳು ಮಗಳು. "ಅಮ್ಮ, ಅದು ಕೊಳೆ ಅಲ್ಲ, ಬ್ಯಾಕ್ಟೀರಿಯಾ."

"ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತಲ್ಲೇ!"

"ಅಯ್ಯೋ, ಮೀನಿನ ಹೊಲಸನ್ನ ಅರಗಿಸಿ ನೀರನ್ನ ಕಾಯೋದೇ ಅವು. ಅವಿಲ್ದಿದ್ರೆ ನೀರಲ್ಲಿ ಅಮೋನಿಯಾ ಏರಿ ವಿಷ ಆಗುತ್ತೆ. ಮೀನೂ ಹೋಗುತ್ತೆ, ಹವಳಾನೂ ಹೋಗುತ್ತೆ."

ಸಿಸ್ಟರ್ ಮುಖ ಹುಳ್ಳಗಾಯಿತು. ಉಪಕಾರ ಮಾಡಲು ಹೋಗಿ, ತನಗೆಂದೇ ಹಿಡಿದ ಮನೆಗೆ ಕಾಲಿಟ್ಟ ದಿನವೇ ಅಳಿಯನ ಹತ್ತು ವರ್ಷದ ಕೂಸಿಗೆ ಕುತ್ತು ತಂದಿದ್ದರು. ಆ ಹವಳ ಹೋದರೆ ತಾನೂ ತಂಗಿಯ ಮನೆಗೆ ಹೊರಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಸೂಟ್‌ಕೇಸನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿದರು. ಯಾರಿಗೂ ಹೇಳಲಿಲ್ಲ.

ಬ್ಲೀಚ್ ಹೀರಿದ ಕಲ್ಲುಗಳನ್ನು ಬದಿಗಿಟ್ಟು, ಹಳೆಯ ನೀರು ತುಂಬಿ, ಮೀನು ಹವಳಗಳನ್ನು ಬೋಳು ತೊಟ್ಟಿಗೇ ಬಿಟ್ಟದ್ದಾಯಿತು. ಮೂರನೇ ದಿನ ನೀರು ಮಜ್ಜಿಗೆಯಂತೆ ಕದಡಿತು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದರೆ ಹಳದಿ ಇರಬೇಕಾದ ಬಣ್ಣ ಹಸಿರಾಯಿತು, ಅಂದರೆ ಅಮೋನಿಯಾ. ಹವಳ ಮುದುಡಿ ಹಿಡಿಯಷ್ಟಾಯಿತು.

ಹಾಗೆಂದು ಕೈಕಟ್ಟಿ ಕೂರುವ ಹೆಂಗಸೇ ಅವರು? ರೋಗಿಯ ಆರೈಕೆಯೆಂದರೆ ಅವರದು ಎತ್ತಿದ ಕೈ. ಗೋಡೆಗೆ ಚಾರ್ಟು ಬಂತು: ಬಿಸಿ ಎಷ್ಟು, ಉಪ್ಪು ಎಷ್ಟು, ಅಮೋನಿಯಾ ಎಷ್ಟು, ದಿನಕ್ಕೆ ಮೂರು ಸಲ. ಹಿಂದಿನ ದಿನವೇ ಉಪ್ಪು ಕದಡಿ, ಬಿಸಿ ಸರಿಹೊಂದಿಸಿದ ನೀರನ್ನು ಪ್ರತಿ ಬೆಳಿಗ್ಗೆ ಎರಡು ಬಕೆಟ್ ಬದಲಿಸಿದರು. ಮಗಳು ಕನಿಕರಪಟ್ಟು ಮೀನಿಗೆ ಒಂದು ಚಿಟಿಕೆ ಹೆಚ್ಚು ಹಾಕಹೋದರೆ, "ಪೇಷೆಂಟು ಪಥ್ಯದಲ್ಲಿದೆ, ಕೈ ತೆಗಿಯೇ!" ಎಂದು ಗದರಿದರು.

ಆಮೇಲೆ ಮೀನಿನ ಅಂಗಡಿಗೆ ಹೋಗಿ ಕೇಳಿದರು: "ನಿಮ್ಮ ಹಳೇ ತೊಟ್ಟಿಲಿ ಇರೋದ್ರಲ್ಲೆಲ್ಲ ಗಲೀಜು ಕಲ್ಲು ಯಾವ್ದು? ಅದನ್ನ ಕೊಡಿ. ತೊಳೀಬೇಡಿ!"

ಬಸ್ಸಿನಲ್ಲಿ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಪಕ್ಕದಾಕೆ ಮೂಗು ಮುಚ್ಚಿಕೊಂಡು, "ಏನಮ್ಮ ಇದು?" ಎಂದಳು.

"ಕ್ರಿಮಿ. ಸ್ವಲ್ಪ ಸರೀರಿ, ಅವಕ್ಕೆ ಗಾಳಿ ಬೇಕು."

ಆಯುಷ್ಯವಿಡೀ ಕ್ರಿಮಿ ಕೊಂದವರು ಈಗ ಅವುಗಳ ಬಾಣಂತನಕ್ಕೆ ನಿಂತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ತಮ್ಮನ್ನು ತಾವೇ ಹಂಗಿಸಿಕೊಂಡರೂ, ನಿಜ ಹೇಳಬೇಕೆಂದರೆ, ಆ ಕೆಲಸ ಅವರಿಗೆ ಹಿಡಿಸಿತ್ತು.

ಹದಿನೆಂಟನೇ ದಿನ ಕೊಳವೆಯ ಬಣ್ಣ ಹಳದಿಯಾಯಿತು. ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಆಡತೊಡಗಿದವು. ಹವಳ ಮಾತ್ರ ಜಪ್ಪಯ್ಯ ಅಂದರೂ ಅರಳಲಿಲ್ಲ. ಸಿಸ್ಟರಿಗೆ ಊಟ ರುಚಿಸದಾಯಿತು.

ಇಪ್ಪತ್ತೆರಡನೇ ಬೆಳಿಗ್ಗೆ ಚಾರ್ಟು ಬರೆಯಲು ಬಗ್ಗಿದವರು ಪೆನ್ನು ಬೀಳಿಸಿದರು. ಹವಳದ ಮೈತುಂಬ ಪುಟ್ಟ ಬೆರಳಿನಂಥ ಎಳೆಗಳು ಹೊರಬಂದು ನೀರಿನಲ್ಲಿ ತೂಗುತ್ತಿದ್ದವು.

"ಬನ್ರೋ! ಬನ್ರೋ ಎಲ್ರೂ!"

ಅಳಿಯ ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿಬಂದ. ನೋಡಿದವನೇ ನೊರೆ ಮೆತ್ತಿದ ಕೈಯನ್ನು ತೊಟ್ಟಿಗೆ ಚಾಚಿದ.

"ಸೋಪಿನ ಕೈ! ದೂರ ನಿಲ್ರಿ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಧಾರಿಸಿಕೊಂಡು, "ಇನ್ನಾದ್ರೂ ಆ ಸೂಟ್‌ಕೇಸ್ ಬಿಚ್ತೀರಾ ಅತ್ತೆ?" ಎಂದ.

ಸಿಸ್ಟರ್ ತಬ್ಬಿಬ್ಬಾದರು. "ನಿಮಗೆ... ಗೊತ್ತಿತ್ತಾ?"

"ದಿನಾ ನಿಮ್ಮ ಮಂಚದ ಕೆಳಗೆ ಕಸ ಗುಡಿಸೋನು ನಾನಲ್ವಾ. ಹವಳ ಹೋಗಿದ್ರೆ ಇನ್ನೊಂದು ಬೆಳೆಸ್ಬಹುದಿತ್ತು. ನೀವು ಹೊರಟ್ಬಿಟ್ರೆ ಏನ್ ಮಾಡೋದು ಅಂತ್ಲೇ ನನಗೆ ಹೆದರಿಕೆ."

ಅಷ್ಟುದ್ದದ ಮಾತನ್ನು ಅವನ ಬಾಯಲ್ಲಿ ಅವರು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. "ಮೊದ್ಲು ಮುಖ ತೊಳ್ಕೊಂಡ್ ಬನ್ನಿ" ಎಂದು ಗದರಿ, ಕೋಣೆಗೆ ಹೋಗಿ ಸೂಟ್‌ಕೇಸ್ ಎಳೆದು ತೆರೆದರು. ಬಟ್ಟೆಗಳ ಮೇಲೇ ಎರಡು ಬಾಟಲಿ ಬ್ಲೀಚು ಕೂತಿತ್ತು. ಅವನ್ನು ಬಚ್ಚಲಿನ ಮೇಲಿನ ಗೂಡಿನಲ್ಲಿಟ್ಟು, ಎರಡಕ್ಕೂ ದಪ್ಪ ಅಕ್ಷರದ ಚೀಟಿ ಅಂಟಿಸಿದರು: 'ಕಲ್ಲಿಗಲ್ಲ.'