ಟಾರು ಹಾಕಿದ ತೂತುಗಳು

ಜೂನ್ ಬಂತೆಂದರೆ ಕಾಂತಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಉಡುಪಿಯ ಖಾಸಗಿ ಬಸ್ ಕಂಪನಿಯೊಂದರ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿದ್ದವನು. ಮಳೆ ಹಿಡಿಯುವ ಮೊದಲು ಪ್ರತಿ ಬಸ್ಸಿನ ಅಡಿಗೂ ಮೀನೆಣ್ಣೆ ಬಳಿಸಬೇಕು, ರಸ್ತೆಯ ನೀರು ಒಳಗೆ ಚಿಮ್ಮದಂತೆ ತಳದ ತೂತುಗಳಿಗೆಲ್ಲ ಟಾರು ಮೆತ್ತಿಸಬೇಕು. ಸಿಡ್ನಿಗೆ ಮಗನ ಮನೆಗೆ ಬಂದ ಮೇಲೆ ಅವನಿಗೆ ಉಳಿದದ್ದು ಒಂದೇ ಗಾಡಿ, ಜಯೇಶನ ಹಳೆಯ ಫೋರ್ ವೀಲ್ ಡ್ರೈವ್.

ಆ ಗಾಡಿಗೆ ಉಪ್ಪುನೀರು ತಪ್ಪಿದ್ದಲ್ಲ. ಜಯೇಶ್ ವಾರವಿಡೀ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ, ಶನಿವಾರ ಸಮುದ್ರದಲ್ಲಿ. ಜೂನಿನಲ್ಲಿ ಬರುವ ಅಲ್ಲಿನ ಚಳಿಗಾಲದಲ್ಲೂ ಬಿಡುತ್ತಿರಲಿಲ್ಲ. ಗಾಡಿಯ ಹಿಂದೆ ಪುಟ್ಟ ದೋಣಿ ಕಟ್ಟಿಕೊಂಡು ಹೋಗಿ, ದಡದ ಇಳಿಜಾರಿನಲ್ಲಿ ಹಿಂದಿನ ಚಕ್ರ ಮುಳುಗುವಷ್ಟು ಹಿಮ್ಮುಖವಾಗಿ ಇಳಿಸಿ ದೋಣಿ ತೇಲಿಸುತ್ತಿದ್ದ. ಮೊದಲ ಚಳಿಗಾಲದಲ್ಲೇ ಕಾಂತಪ್ಪ ಚಾಪೆ ಹಾಸಿಕೊಂಡು ಗಾಡಿಯ ಅಡಿಗೆ ನುಗ್ಗಿದ. ಎಣ್ಣೆ ಬಳಿದ. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತೊಲೆಯಲ್ಲಿ ಸಾಲಾಗಿ ತೂತುಗಳು ಕಂಡವು. ಎಲ್ಲಕ್ಕೂ ಟಾರು ಮೆತ್ತಿದ.

ಅವರಿದ್ದ ಗಿರಾವೀನ್ ಬಡಾವಣೆಯ ಬೆಕ್ಕುಗಳೆಲ್ಲ ಮೀನೆಣ್ಣೆಯ ವಾಸನೆಗೆ ಗಾಡಿಯ ಅಡಿಯಲ್ಲೇ ಬಿಡಾರ ಹೂಡಿದವು. "ಅಪ್ಪ, ಆಫೀಸಿನಲ್ಲಿ ನನ್ನ ಪಕ್ಕ ಯಾರೂ ಪಾರ್ಕ್ ಮಾಡ್ತಾ ಇಲ್ಲ," ಎಂದು ಜಯೇಶ್ ನಗುತ್ತಿದ್ದ. "ನಗು ನೀನು. ನಿನ್ನ ಮಗಳು ಓಡಿಸ್ತಾಳೆ ಇದನ್ನು, ನೋಡ್ತಾ ಇರು," ಎನ್ನುತ್ತಿದ್ದ ಕಾಂತಪ್ಪ.

ನಾಲ್ಕನೆಯ ಚಳಿಗಾಲಕ್ಕೆ ಜಯೇಶ್ ಇರಲಿಲ್ಲ. ಮೂವತ್ತೇಳು ವಯಸ್ಸು, ಆಫೀಸಿನ ಲಿಫ್ಟಿನ ಮುಂದೆ ಬಿದ್ದವನು ಏಳಲಿಲ್ಲ. ದೋಣಿಯನ್ನು ಯಾರೋ ಒಯ್ದರು. ಗಾಡಿ ಮನೆಯ ಮುಂದೆ ನಿಂತಿತು. ಬರದ ವರ್ಷಗಳು, ಪೈಪು ಹಿಡಿದು ಗಾಡಿ ತೊಳೆಯುವಂತಿರಲಿಲ್ಲ. ಕಾಂತಪ್ಪ ಬಕೆಟ್ಟಿನಲ್ಲಿ ನೀರು ತಂದು ಪ್ರತಿ ಭಾನುವಾರ ತೊಳೆದ.

ವರ್ಷ ಕಳೆದು ಸೊಸೆ ನವ್ಯಾಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಅವಳು ಮೈಸೂರಿನವಳು, ಸುತ್ತಿ ಬಳಸಿ ಮಾತಾಡುವವಳಲ್ಲ.

"ಮಾವ, ಕಾರನ್ನ ಇಲ್ಲೇ ಮಾರಿಬಿಡೋಣ. ಅಲ್ಲಿ ರಿಜಿಸ್ಟರ್ ಮಾಡಿಸೋಕೆ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು, ಗ್ಯಾರೇಜಿನವರು ಗಾಡಿ ಪರೀಕ್ಷೆ ಮಾಡಿ ಕೊಡೋದು. ಹಳೇ ಗಾಡಿ, ಫೇಲ್ ಆದ್ರೆ ಗುಜರಿಗೇ."

"ಫೇಲ್? ನಾನು ನೋಡಿಕೊಂಡ ಗಾಡಿ. ಪಾಸಾದ್ರೆ ಇಟ್ಟುಕೊಳ್ತಿಯಾ, ಹೇಳು."

"ಪಾಸಾದ್ರೆ ಇಟ್ಕೋತೀನಿ. ನಿಶ್ಮಿತಾ ದೊಡ್ಡವಳಾದ್ಮೇಲೆ ಅವಳಿಗೆ."

ಹೆಂಡತಿ ಜಲಜಾಕ್ಷಿಯ ಬಳಿ ಮೊಮ್ಮಗಳನ್ನು ಬಿಟ್ಟು ಕಾಂತಪ್ಪ, ನವ್ಯಾ ಇಬ್ಬರೂ ಆ ಗಾಡಿಯಲ್ಲೇ ಮೆಲ್ಬರ್ನಿಗೆ ಹೊರಟರು. ದಾರಿಯುದ್ದಕ್ಕೂ ಕಾಂತಪ್ಪ ಇಂಜಿನ್ನಿನ ಸದ್ದು ಕೇಳುತ್ತ ಕುಳಿತ. ಒಂದು ಅಪಸ್ವರವಿಲ್ಲ. ಊರಿನವರೊಬ್ಬರು ಹೇಳಿಕೊಟ್ಟ ಗ್ಯಾರೇಜ್ ಮೆಲ್ಬರ್ನಿನ ಹೊರಗಿನ ಸಬರ್ಬ್ ಒಂದರಲ್ಲಿತ್ತು. ನಡೆಸುತ್ತಿದ್ದವನು ರಿತೇಶ್, ಕಾಪು ಕಡೆಯವನು. ಜಯೇಶನನ್ನು ಅವನು ಕಂಡವನಲ್ಲ.

ಗಾಡಿಯನ್ನು ಮೇಲೆತ್ತಿ ಅಡಿಗೆ ಹೋದವನು ಮೂಗು ಅರಳಿಸಿದ. "ಮೀನೆಣ್ಣೆ ಅಲ್ವಾ? ಮಲ್ಪೆ ಬಂದರಿಗೆ ಹೋದ ಹಾಗಾಯ್ತು ಮಾರ್ರೆ. ಚಾಸಿ ನೋಡಿ, ಹೊಸದರ ಹಾಗುಂಟು."

ಕಾಂತಪ್ಪ ನವ್ಯಾಳ ಕಡೆ ತಿರುಗಿದ. ಅವಳು ನಕ್ಕಳು. ವರ್ಷದಲ್ಲಿ ಅವಳು ನಕ್ಕದ್ದನ್ನು ಅವನು ಕಂಡಿರಲಿಲ್ಲ.

ರಿತೇಶ್ ಬಾಗಿಲ ಕೆಳಗಿನ ತೊಲೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದ. ಕಬ್ಬಿಣದ ಸದ್ದು ಬರಲಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದ. ಅದು ನೆನೆದ ರಟ್ಟಿನೊಳಗೆ ಹೋದಂತೆ ಹಿಡಿಯವರೆಗೂ ಹೋಯಿತು. ಎಳೆದಾಗ ಕಂದು ನೀರು ಅವನ ಮೊಣಕೈವರೆಗೆ ಇಳಿಯಿತು.

"ಇದು ಮೇಲಿಂದ ಒಳಗೆ ಇಳಿದ ನೀರು ಹೊರಗೆ ಹೋಗಲಿಕ್ಕೆ ಇರುವ ತೂತು. ಇದಕ್ಕೆ ಟಾರು ಹಾಕಿದ್ದಾರೆ. ಯಾವ ಮಂಡೆ ಸಮ ಇಲ್ಲದವನ ಕೆಲಸ ಇದು?"

ನವ್ಯಾ ಹೇಳಿದಳು, "ನನ್ನ ಹಸ್ಬೆಂಡ್ ಹಾಕಿದ್ದು. ಅವರಿಗೆ ಇದೆಲ್ಲ ಅಷ್ಟು ಗೊತ್ತಿರ್ಲಿಲ್ಲ."

"ಐಟಿಯವರಾ? ಹಾಗೆ ಹೇಳಿ," ರಿತೇಶ್ ನಕ್ಕ. "ಒಮ್ಮೆ ಫೋನ್ ಹಚ್ಚಿ ಕೊಡಿ ಅವರಿಗೆ. ಎರಡು ಮಾತು ಬೈತೇನೆ."

"ಬೈಯುದಾದ್ರೆ ನನಗೆ ಬೈ," ಎಂದ ಕಾಂತಪ್ಪ. "ಹಾಕಿದ್ದು ನಾನು. ಅವನು ನನ್ನ ಮಗ. ಹೋದ ವರ್ಷ ತೀರಿಕೊಂಡ."

ರಿತೇಶನ ಮುಖ ಇಳಿಯಿತು. ಬಟ್ಟೆಯಲ್ಲಿ ಕೈ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಹಾಗಲ್ಲ ಮಾಮ... ಹಳೇ ಗಾಡಿ. ಸಮುದ್ರಕ್ಕೂ ಇಳಿಸಿದ್ದಾರೆ ಕಾಣ್ತದೆ. ಹೇಗೂ ಹೋಗ್ತಿತ್ತು."

"ನಾನು ಮೂವತ್ತು ವರ್ಷ ಗ್ಯಾರೇಜಿನಲ್ಲಿದ್ದವ. ಸಮಾಧಾನ ಬೇಡ. ತೂತು ಬಿಟ್ಟಿದ್ದರೆ?"

"ಬಿಟ್ಟಿದ್ದರೆ ಪಾಸಾಗ್ತಿತ್ತು."

"ಈಗ ಕತ್ತರಿಸಿ ಬೇರೆ ಹಾಕಿದ್ರೆ?"

"ಒಳಗಿಂದ ಪೂರಾ ತಿಂದಿದೆ ಮಾಮ. ವೆಲ್ಡಿಂಗ್ ಹಿಡಿಯಲಿಕ್ಕೆ ಗಟ್ಟಿ ಜಾಗ ಬೇಕಲ್ಲ. ನಾನು ಸೈನ್ ಹಾಕಲಿಕ್ಕೆ ಆಗುದಿಲ್ಲ."

ಕಾಂತಪ್ಪ ಆ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ. ಉಪ್ಪು. ಜಯೇಶ್ ಸತ್ತ ಮೇಲೆ ಗಾಡಿ ಸಮುದ್ರ ಕಂಡಿರಲಿಲ್ಲ. ಭಾನುವಾರ ಭಾನುವಾರ ಹೊಯ್ದ ನೀರು ಒಳಗಿದ್ದ ಉಪ್ಪನ್ನು ನೆನೆಸಿ ಇಟ್ಟಿತ್ತು, ಅಷ್ಟೆ.

ರಿತೇಶ್ ಗುಜರಿಯವನಿಗೆ ಫೋನ್ ಮಾಡಲು ಒಳಗೆ ಹೋದ. ಕಾಂತಪ್ಪ ಬೆಂಚಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಡಿಯ ಅಡಿಗೆ ನಡೆದ. ಮೊದಲ ತೂತಿನ ಟಾರನ್ನು ಕೆದಕಿದ. ಚೆನ್ನಾಗಿಯೇ ಹಿಡಿದಿತ್ತು, ಬೇಗ ಬಿಡಲಿಲ್ಲ. ಬಿಟ್ಟಾಗ ನೀರಿನ ಜೊತೆ ಒಂದಿಷ್ಟು ಮರಳೂ ಅವನ ತೋಳಿನ ಮೇಲೆ ಸುರಿಯಿತು.

"ಮಾವ, ಹೇಗೂ ಗುಜರಿಯವರು ಕಾರ್ ತಗೊಂಡ್ ಹೋಗ್ತಾರೆ. ಈಗ ಯಾಕೆ?"

ಅವನು ಎರಡನೆಯದಕ್ಕೆ ಹೋಗಿದ್ದ. ನವ್ಯಾ ಗೋಡೆಗೆ ನೇತುಹಾಕಿದ್ದ ಟಾರ್ಚ್ ತಂದು ಅವನು ಕೆದಕುತ್ತಿದ್ದ ಕಡೆಗೆ ಹಿಡಿದಳು. ಒಂದು ಬದಿ ಮುಗಿಸಿ ಕಾಂತಪ್ಪ ಇನ್ನೊಂದು ಬದಿಗೆ ದಾಟಿದ. ಅವಳೂ ದಾಟಿದಳು.