ಗಿರಣಿ ಇಂಜಿನ್ನಿನ ವಿಮಾನ

ನನ್ನ ತಮ್ಮ ಅರ್ಜುನಪ್ಪನ ವಿಮಾನದ ಕಥೆಯನ್ನು ಗಜೇಂದ್ರಗಡದಲ್ಲಿ ಯಾರನ್ನು ಕೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾರೆ. ಹೇಳಲಿ. ಅವರ ಗಂಟೇನು ಹೋಯಿತು? ಹೋದದ್ದು ನನ್ನ ಇಂಜಿನ್.

ಅದು ಮೋಟಾರ್ ಸೈಕಲ್ಲಿನ ಇಂಜಿನ್. ನನ್ನ ಗಂಡ ಯುದ್ಧದ ಕಾಲಕ್ಕೆ ಮಿಲಿಟರಿ ಲಾರಿ ಓಡಿಸಿದವನು. ಯುದ್ಧ ಮುಗಿದ ಮೇಲೆ ಹುಬ್ಬಳ್ಳಿಯ ಮೋಡಕಾ ಬಜಾರದ ಹಳೆಯ ಸಾಮಾನಿನ ರಾಶಿಯಲ್ಲಿ ಅದನ್ನು ಆರಿಸಿ ತಂದು ಹಿಟ್ಟಿನ ಗಿರಣಿಗೆ ಜೋಡಿಸಿದ್ದ. ಪೆಟ್ರೋಲಿನ ಮೇಲೆ ಚಾಲೂ ಮಾಡಿ, ಕಾದ ಮೇಲೆ ಚಿಮಣಿ ಎಣ್ಣೆಗೆ ತಿರುಗಿಸಬೇಕು. ಅವನು ಸತ್ತ ಮೇಲೆ ನಾನೇ ಓಡಿಸಿದೆ. ಹೆಂಗಸು ಇಂಜಿನ್ ಒದೆಯುವುದನ್ನು ನೋಡಲಿಕ್ಕೆಂದೇ ಮೊದಮೊದಲು ಜನ ಜೋಳ ಹೊತ್ತು ಬಂದರು. ಆಮೇಲೆ ಹಿಟ್ಟು ನುಣ್ಣಗೆ ಬರುತ್ತದೆಂದು ಬಂದರು.

ಆ ಗಿರಣಿ ಇದ್ದದ್ದಕ್ಕೇ ನನಗೊಂದು ಸ್ವಂತ ಬಾಗಿಲಿತ್ತು. ಗಂಡನ ದಿನಕರ್ಮ ಮುಗಿದದ್ದೇ ತಡ, ಪುರ್ತಗೇರಿಯ ಮೈದುನ ದ್ಯಾವಪ್ಪ ನನ್ನನ್ನು ತನ್ನ ಮನೆಯ ಹಿತ್ತಲ ಖೋಲಿಗೆ ಹಾಕಿದ್ದ. ಅಲ್ಲಿ ಉಂಡರೂ ಮಾತು, ಉಣ್ಣದಿದ್ದರೂ ಮಾತು. ಬಂಡಿ ಕಟ್ಟಿಕೊಂಡು ಬಂದು ಅಲ್ಲಿಂದ ನನ್ನನ್ನು ಬಿಡಿಸಿ ಮತ್ತೆ ಗಿರಣಿಗೆ ತಂದವನು ಇದೇ ಅರ್ಜುನಪ್ಪ. ಸುಳ್ಳು ಯಾಕೆ ಹೇಳಲಿ, ಆ ಋಣ ನನ್ನ ಮೇಲಿತ್ತು. ಬಂಡಿ ಹತ್ತುವಾಗ ದ್ಯಾವಪ್ಪ ಬಾಗಿಲಲ್ಲಿ ನಿಂತು, ಗಿರಣಿ ನಿಂತ ದಿನ ಎಲ್ಲಿಗೆ ಬರಬೇಕೆಂಬುದು ನಿನಗೆ ಗೊತ್ತೇ ಇದೆ ಎಂದಿದ್ದ.

ಅರ್ಜುನಪ್ಪ ನಮ್ಮಪ್ಪನ ಹಾಗೆಯೇ ನೇಕಾರ. ಕೈ ಬಂಗಾರದ್ದು, ತಲೆ ಮಾತ್ರ ಮುಗಿಲಲ್ಲಿ. ಯಾವುದೋ ಇಂಗ್ಲಿಷ್ ಮಾಸಿಕದಿಂದ ಹರಿದ ವಿಮಾನದ ಚಿತ್ರ ಅವನ ಕೈಗೆ ಹೇಗೋ ಸಿಕ್ಕಿತ್ತು. ಮನೆಯಲ್ಲಿ ಕಟ್ಟಿದ್ದ ವಿಮಾನವಂತೆ, ಅದರ ಮೂತಿಗೂ ಮೋಟಾರ್ ಸೈಕಲ್ಲಿನ ಇಂಜಿನ್ನೇ ಅಂತೆ. ಅಷ್ಟು ಸಾಕಾಯಿತು ಪುಣ್ಯಾತ್ಮನಿಗೆ. ಬಿದಿರು ಸೀಳಿ ರೆಕ್ಕೆ ಕಟ್ಟಿದ, ಅದಕ್ಕೆ ತಾನೇ ನೇಯ್ದ ಬಟ್ಟೆ ಬಿಗಿದು ಗಂಜಿ ಬಳಿದ. ಸಾಗವಾನಿಯ ತೊಲೆ ಕೆತ್ತಿ ಮುಂದಿನ ಪಂಖಾ ಮಾಡಿದ. ಅವನ ಹೆಂಡತಿ ಸಕ್ಕೂಬಾಯಿ ಒಂಟಿ ಮಗ್ಗದ ಮೇಲೆ ಮನೆ ನಡೆಸುತ್ತಿದ್ದಳು. ಎರಡನೆಯ ಮಗ್ಗ ಬಿಚ್ಚಿದ ಜಾಗದಲ್ಲಿ ಇವನ ರೆಕ್ಕೆ ಮಲಗಿತ್ತು.

ಆಮೇಲೆ ದಿನಾ ಗಿರಣಿಯ ಮುಂದೆ ಬಂದು ಕೂಡತೊಡಗಿದ. ಇಂಜಿನ್ ಬೇಡುತ್ತಿರಲಿಲ್ಲ, ಸುಮ್ಮನೆ ಅದನ್ನು ನೋಡುತ್ತಿದ್ದ. ಬೇಡಿದ್ದರೆ ಬೈದು ಕಳಿಸುತ್ತಿದ್ದೆ. ನೋಡುವವನಿಗೆ ಏನೆಂದು ಬೈಯಲಿ? ಕಡೆಗೆ, ಅಮಾವಾಸ್ಯೆಗೆ ಹೇಗೂ ಮಗ್ಗ, ಗಿರಣಿ ಎಲ್ಲ ನಿಲ್ಲುತ್ತವೆ, ಅದೊಂದು ದಿನ ಒಯ್ಯಿ, ಸಂಜೆಯೊಳಗೆ ತಂದು ಕೂಡಿಸು ಎಂದೆ. ನನ್ನ ಕಾಲು ಹಿಡಿದುಕೊಂಡ.

ಏಕೀಕರಣವಾದ ಮರುವರ್ಷದ ಮಾತು ಇದು. ಅಮಾವಾಸ್ಯೆಯ ಬೆಳಿಗ್ಗೆ ಗುಡ್ಡದ ಮೇಲಿನ ಬಯಲಿನಲ್ಲಿ ಓಣಿಯ ನೇಕಾರರೆಲ್ಲ ನೆರೆದಿದ್ದರು. ಇದ್ದದ್ದು ಒಂದೇ ದಿನವಾದ್ದರಿಂದ, ಕಟ್ಟಿಹಾಕಿ ಓಡಿಸಿ ನೋಡುವ ಪುರುಸೊತ್ತು ಅವನಿಗಿರಲಿಲ್ಲ. ಇಂಜಿನ್ ಬಿಗಿದ, ಪಂಖಾ ಬಿಗಿದ, ಹತ್ತಿ ಕುಳಿತ. ನನ್ನ ಇಂಜಿನ್ ಬೇರೆ ಯಾರ ಮಾತು ಕೇಳುತ್ತದೆ? ನಾನೇ ಒದ್ದೆ. ಒಂದೇ ಒದೆತಕ್ಕೆ ಚಾಲೂ ಆಯಿತು. ಖರೇ ಹೇಳುತ್ತೇನೆ, ಆಗ ನನ್ನ ಎದೆಯೂ ಉಬ್ಬಿತ್ತು.

ಅವನು ಎಣ್ಣೆ ಏರಿಸಿದ. ವಿಮಾನ ಗಡಗಡ ನಡುಗಿತು, ಧೂಳು ಮುಂದಕ್ಕೆ ಹಾರಿತು, ವಿಮಾನ ಹಿಂದಕ್ಕೆ ಹೊರಟಿತು.

ಜನ ಮೊದಲು ಬಾಯಿ ತೆರೆದರು, ಆಮೇಲೆ ಸಿಳ್ಳು ಹಾಕಿದರು. ನಾನು ಬಂದ್ ಮಾಡು, ಬಂದ್ ಮಾಡು ಎಂದು ಕೂಗುತ್ತ ಓಡಿದೆ. ಆ ಸಪ್ಪಳದಲ್ಲಿ ಯಾರಿಗೆ ಕೇಳಬೇಕು? ಬಾಲ ಮುಂದಾಗಿ ಓಡಿದ ವಿಮಾನ ಹಳೆಯ ಕಲ್ಲುಕ್ವಾರಿಯ ಅಂಚು ದಾಟಿ ಅಂಗಾತ ಬಿತ್ತು. ಇಂಜಿನ್ ಕಿತ್ತುಕೊಂಡು ಬಂಡೆಯ ಮೇಲೆ ಬಿದ್ದು, ಅದರ ಹೊಟ್ಟೆ ಎರಡು ಹೋಳಾಯಿತು. ಎಣ್ಣೆ ಕಲ್ಲಿನ ಮೇಲೆ ಹರಿಯಿತು.

ಅರ್ಜುನಪ್ಪನಿಗೆ ಮೊಣಕೈ ತರಚಿದ್ದಷ್ಟೇ. ಬಿದಿರ ಸಿಬಿರುಗಳ ನಡುವಿನಿಂದ ಎದ್ದು ಬಂದ. ಮುಖ ನೋಡಿದರೆ ಲಾಟರಿ ಹತ್ತಿದವನ ಮುಖ.

"ಅಕ್ಕಾ, ತಿಳೀತು ನೋಡು. ಪಂಖಾ ಉಲ್ಟಾ ಕೆತ್ತೀನಿ. ಸೀರಿ ನೇಯ್ದಾಂಗ ಕೆತ್ತಿಬಿಟ್ಟೆ."

ನೇಕಾರನ ಮಗಳಾದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಮಗ್ಗದಲ್ಲಿ ಸೀರೆಯ ಚಂದದ ಮುಖ ನೆಲದ ಕಡೆಗಿರುತ್ತದೆ. ನೇಯುವವನಿಗೆ ಕಾಣುವುದು ಒಳಮೈ, ಹೂವಿನ ಬಲ ಅವನಿಗೆ ಎಡ. ಹುಟ್ಟಿದಾಗಿನಿಂದ ಹಾಗೆ ನೋಡಿದ ಕಣ್ಣು, ಚಿತ್ರದಲ್ಲಿ ಪಂಖಾ ಬಲಕ್ಕೆ ತಿರುಚಿದ್ದರೆ ತೊಲೆಯ ಮೇಲೆ ಎಡಕ್ಕೆ ತಿರುಚಿತ್ತು; ಹಿಂದಕ್ಕೆ ತಳ್ಳಬೇಕಾದ ಗಾಳಿಯನ್ನು ಅದು ಮುಂದಕ್ಕೆ ತಳ್ಳಿತ್ತು. ಸುತ್ತಲೂ ಊರ ನೇಕಾರರೆಲ್ಲ ನಿಂತಿದ್ದರಲ್ಲ, ಒಬ್ಬನಿಗಾದರೂ ಮೊದಲೇ ಹೊಳೆದಿತ್ತೇ? ಅವರ ಕಣ್ಣೂ ಅವೇ. ನಾನು ಬಂಡೆಯ ಮೇಲೆ ಕುಳಿತು ಇಂಜಿನ್ನಿನ ಎರಡು ಹೋಳುಗಳನ್ನು ಸೆರಗಿನಿಂದ ಒರೆಸಿದೆ. ಅವನು ಅತ್ತ ನೋಡಲಿಲ್ಲ, ಮುರಿದ ಪಂಖಾದ ತುಂಡು ಹಿಡಿದು ತಿರುವಿ ತಿರುವಿ ನೋಡುತ್ತಿದ್ದ.

ನರಗುಂದದ ವೆಲ್ಡಿಂಗಿನವನು ಹೋಳು ಮುಟ್ಟಿ ನೋಡಿ, ಇದು ಕೂಡುವ ಲೋಹವಲ್ಲ ಅವ್ವಾ ಎಂದ. ಗಿರಾಕಿಗಳು ಬಜಾರದ ಗಿರಣಿ ಹಿಡಿದರು. ಅರ್ಜುನಪ್ಪ ನಮ್ಮನೆಗೆ ಬಾ ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ಅವನಿಗೆ ಹೊಸ ಸಾಗವಾನಿ ಹುಡುಕುವ ಗಡಿಬಿಡಿ. ಸಕ್ಕೂಬಾಯಿ ಬಾಯಿಬಿಟ್ಟು ಅತ್ತಳು, ಪಾಪ, ಅವಳ ಕೈಯಲ್ಲೇನಿದೆ? ದ್ಯಾವಪ್ಪನ ಬಂಡಿ ಬಂತು, ಹತ್ತಿದೆ.

ಅದೇ ಹಿತ್ತಲ ಖೋಲಿ. ಊರಿಗೆಲ್ಲ ಹಿಟ್ಟು ಬೀಸಿಕೊಟ್ಟವಳು ಈಗ ನೆಗೆಣ್ಣಿಯ ಕಣ್ಣೆದುರು ಕೈಯಿಂದ ಬೀಸುತ್ತಿದ್ದೆ. ನುಣ್ಣಗಾಗಲಿಲ್ಲವೆಂದು ಅವಳು ಇನ್ನೊಮ್ಮೆ ಬೀಸಿಸುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅರ್ಜುನಪ್ಪ ಅಂಗಳಕ್ಕೆ ಬಂದ. ಹೆಗಲ ಮೇಲೆ ಧೋತರದಲ್ಲಿ ಸುತ್ತಿದ ಉದ್ದನೆಯ ಸಾಮಾನು. ಹಿಂದೊಮ್ಮೆ ಬಿಡಿಸಿ ಒಯ್ದವನಲ್ಲವೇ, ನನಗೆ ಆಸೆ ಹುಟ್ಟಿತು. ನೀರು ಕೊಟ್ಟು ಒಳಗೆ ಓಡಿ, ಇದ್ದ ಎರಡು ಸೀರೆಗಳನ್ನು ಗಂಟು ಕಟ್ಟಿ ಬಗಲಲ್ಲಿ ಹಿಡಿದು ಬಂದೆ.

ಅವನು ಧೋತರ ಬಿಚ್ಚಿ ಹೊಸ ಪಂಖಾ ತೋರಿಸಿದ. ನುಣುಪಾಗಿತ್ತು, ಈ ಸಲ ಸರಿಯಾಗಿಯೇ ಕೆತ್ತಿದ್ದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಅಕ್ಕಾ, ದ್ಯಾವಪ್ಪಣ್ಣನ ಬಾವಿ ಮ್ಯಾಲ ಹೊಸಾ ಇಂಜಿನ್ ಕುಂದರಿಸ್ಯಾರಂತ? ಒಂದು ಅಮಾಸಿಗೆ ಕೊಟ್ಟಾರೇನು, ನೀ ಹೇಳಿದ್ರ?"

ಈ ಮನೆಯಲ್ಲಿ ನನ್ನ ಮಾತಿಗೆ ನಾಯಿಯೂ ಕಿವಿಗೊಡುವುದಿಲ್ಲ ಎಂದೆ. ಹೌದೇನು ಎಂದ ಅವನು. ನಾನೇ ಕೇಳಿ ನೋಡುತ್ತೇನೆ ಎಂದು ಪಂಖಾ ಹೆಗಲಿಗೇರಿಸಿ ಬಾವಿಯ ದಾರಿ ಹಿಡಿದ. ನನ್ನ ಬಗಲಲ್ಲಿದ್ದ ಗಂಟು ಏನೆಂದು ಅವನು ಕೇಳಲೇ ಇಲ್ಲ.